ಮೀಟರ್‌ನಲ್ಲಿ 50 ವಾಟ್, ಊರಿನಲ್ಲಿ ಬರೀ ಗೊರಗೊರ: ಸಮುದಾಯ ಎಫ್‌ಎಂ ಕೇಂದ್ರದಲ್ಲಿ ಇಆರ್‌ಪಿ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು

ಸಮುದಾಯ ಬಾನುಲಿ ಕೇಂದ್ರಗಳಿಂದ ಬರುವ ದೂರು ಬಹುತೇಕ ಒಂದೇ ಧಾಟಿಯಲ್ಲಿರುತ್ತದೆ. "ಟ್ರಾನ್ಸ್‌ಮಿಟರ್ ಸರಿಯಾಗಿದೆ ಸರ್, 50 ವಾಟ್ ಹೋಗುತ್ತಿದೆ, ಎಸ್‌ಡಬ್ಲ್ಯುಆರ್ ಕೂಡ ಒಂದೂವರೆ ದಾಟಿಲ್ಲ. ಆದರೆ ಹೋದ ವರ್ಷ ಕೇಳಿಸುತ್ತಿದ್ದ ಊರುಗಳಲ್ಲಿ ಈಗ ಕೇಳಿಸುತ್ತಿಲ್ಲ." (ಎಸ್‌ಡಬ್ಲ್ಯುಆರ್ ಎಂದರೆ ಆಂಟೆನಾ ಕಡೆಯಿಂದ ಶಕ್ತಿ ಎಷ್ಟು ಹಿಂತಿರುಗುತ್ತಿದೆ ಎಂದು ಹೇಳುವ ಸಂಖ್ಯೆ; 1 ಎಂದರೆ ಏನೂ ಹಿಂತಿರುಗುತ್ತಿಲ್ಲ.) ಈ ದೂರಿನ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: "ಶಕ್ತಿಯನ್ನು ಸ್ವಲ್ಪ ಏರಿಸಿಬಿಡೋಣವೇ?"

ಬೇಡ. ಯಂತ್ರದ ಮುಖದಲ್ಲಿ ಕಾಣುವ 50 ವಾಟ್ ಯಂತ್ರದ ಹಿಂಬದಿಯ ಕನೆಕ್ಟರ್‌ನಲ್ಲಿರುವ ಶಕ್ತಿ ಮಾತ್ರ. ಕೇಳುಗನಿಗೆ ಸಂಬಂಧಪಟ್ಟದ್ದು ಪರಿಣಾಮಕಾರಿ ವಿಕಿರಿತ ಶಕ್ತಿ, ಅಂದರೆ ಇಆರ್‌ಪಿ. ಅದನ್ನು ತೋರಿಸುವ ಮೀಟರ್ ಯಾವ ಯಂತ್ರದಲ್ಲಿಯೂ ಇಲ್ಲ. ಲೆಕ್ಕ ಹಾಕಿಯೇ ತಿಳಿಯಬೇಕು. ಸರ್ಕಾರ ಮಿತಿ ಹಾಕಿರುವುದೂ ಈ ಲೆಕ್ಕದ ಸಂಖ್ಯೆಗೇ. 2006ರ ಸಮುದಾಯ ಬಾನುಲಿ ಮಾರ್ಗಸೂಚಿಯ ಪ್ರಕಾರ ಐದರಿಂದ ಹತ್ತು ಕಿಲೋಮೀಟರ್ ವ್ಯಾಪ್ತಿಗೆ ಗರಿಷ್ಠ ಇಆರ್‌ಪಿ 100 ವಾಟ್. ಭೂಪ್ರದೇಶದ ಕಾರಣಕ್ಕೆ ಅಗತ್ಯವನ್ನು ಸಾಬೀತುಪಡಿಸಿದರೆ 250 ವಾಟ್‌ವರೆಗೆ ಪರಿಗಣಿಸಬಹುದು. ಆಂಟೆನಾ ನೆಲದಿಂದ 30 ಮೀಟರ್ ಮೀರಬಾರದು, 15 ಮೀಟರ್‌ಗಿಂತ ತಗ್ಗಬಾರದು.

ಟವರ್ ಹತ್ತುವವರನ್ನು ಕರೆಸುವ ಮೊದಲು ಒಂದು ಹಾಳೆ, ಪೆನ್ನು, ಲಾಗರಿದಂ ಒತ್ತಬಹುದಾದ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ದೋಷಗಳಲ್ಲಿ ಒಂದು ಪಾಲು ಈ ಹಾಳೆಯ ಮೇಲೆಯೇ ಸಿಕ್ಕಿಬೀಳುತ್ತದೆ.

ಇರಬೇಕಾದದ್ದು ಎಷ್ಟು

ಒಂದು ದಿಕ್ಕಿನಲ್ಲಿ ನಿಮ್ಮ ಆಂಟೆನಾ ಉಂಟುಮಾಡುವ ಕ್ಷೇತ್ರಬಲವನ್ನೇ ಒಂದು ಸಾದಾ ಅರ್ಧತರಂಗ ಡೈಪೋಲ್ (ಅರ್ಧ ತರಂಗಾಂತರ ಉದ್ದದ ಸರಳ ಕಡ್ಡಿ ಆಂಟೆನಾ) ಉಂಟುಮಾಡಬೇಕಾದರೆ ಅದಕ್ಕೆ ಎಷ್ಟು ವಾಟ್ ಕೊಡಬೇಕೋ, ಅದೇ ಆ ದಿಕ್ಕಿನ ಇಆರ್‌ಪಿ. ಡೆಸಿಬೆಲ್‌ನಲ್ಲಿ (ಡಿಬಿ) ಇದು ಬರಿಯ ಕೂಡಿ ಕಳೆಯುವ ಲೆಕ್ಕ:

ಇಆರ್‌ಪಿ = ಟ್ರಾನ್ಸ್‌ಮಿಟರ್ ಶಕ್ತಿ − ಕೇಬಲ್ ನಷ್ಟ − ಕನೆಕ್ಟರ್ ಮತ್ತು ಇತರ ನಷ್ಟ + ಆಂಟೆನಾದ ಗೇನ್

ಶಕ್ತಿಯನ್ನು ಡಿಬಿಡಬ್ಲ್ಯುನಲ್ಲಿ ಬರೆಯಬೇಕು: ವಾಟ್‌ನ ಲಾಗರಿದಂ ಗುಣಿಸು ಹತ್ತು. 50 ವಾಟ್ ಎಂದರೆ 17, 100 ವಾಟ್ ಎಂದರೆ 20. ಗೇನ್ ಎಂದರೆ ಆಂಟೆನಾ ಒಂದು ದಿಕ್ಕಿಗೆ ಶಕ್ತಿಯನ್ನು ಎಷ್ಟು ಒಟ್ಟುಗೂಡಿಸುತ್ತದೆ ಎಂಬ ಸಂಖ್ಯೆ. ಅದು ಮಾತ್ರ ಡೈಪೋಲ್‌ಗೆ ಹೋಲಿಸಿದ್ದು, ಅಂದರೆ ಡಿಬಿಡಿ ಆಗಿರಬೇಕು.

ಈ ಬರಹದುದ್ದಕ್ಕೂ ಒಂದು ಮಾದರಿ ಕೇಂದ್ರವನ್ನು ಇಟ್ಟುಕೊಳ್ಳುತ್ತೇನೆ. 90.4 ಮೆಗಾಹರ್ಟ್ಸ್, 50 ವಾಟ್ ಯಂತ್ರ, 40 ಮೀಟರ್ ಅರ್ಧ ಇಂಚಿನ ಫೋಮ್ ಕೇಬಲ್, 30 ಮೀಟರ್ ಎತ್ತರದಲ್ಲಿ ಒಂದರ ಮೇಲೊಂದು ನಿಲ್ಲಿಸಿದ ಎರಡು ಲಂಬ ಡೈಪೋಲ್‌ಗಳು, ಗೇನ್ 3 ಡಿಬಿಡಿ. ಅರ್ಧ ಇಂಚಿನ ಒಳ್ಳೆಯ ಕೇಬಲ್‌ನಲ್ಲಿ 100 ಮೆಗಾಹರ್ಟ್ಸ್ ಹತ್ತಿರ ನೂರು ಮೀಟರ್‌ಗೆ ಸುಮಾರು 2.2 ಡಿಬಿ ನಷ್ಟ. 40 ಮೀಟರ್‌ಗೆ 0.9. ಕನೆಕ್ಟರ್‌ಗಳು, ಸಿಡಿಲು ರಕ್ಷಕ, ತುಂಡು ಕೇಬಲ್‌ಗಳಿಗೆಲ್ಲ ಸೇರಿ 0.3. ಆಗ 17 − 0.9 − 0.3 + 3 = 18.8 ಡಿಬಿಡಬ್ಲ್ಯು, ಅಂದರೆ 76 ವಾಟ್.

ಈಗ ಅದೇ ಕೇಂದ್ರದಲ್ಲಿ ಹಣ ಉಳಿಸಲೆಂದು ಆರ್‌ಜಿ 213 ಹಾಕಿದ್ದಾರೆ ಎನ್ನೋಣ. ನೂರು ಮೀಟರ್‌ಗೆ ಸುಮಾರು 7 ಡಿಬಿ. 40 ಮೀಟರ್‌ಗೆ 2.8. ಇಆರ್‌ಪಿ 49 ವಾಟ್‌ಗೆ ಇಳಿಯಿತು. ಬೆರಳು ಗಾತ್ರವೂ ಇಲ್ಲದ ಆರ್‌ಜಿ 58 ಆದರೆ ನೂರು ಮೀಟರ್‌ಗೆ 16 ಡಿಬಿ ಆಸುಪಾಸು. 40 ಮೀಟರ್‌ಗೆ 6.4. ಉಳಿದದ್ದು 21 ವಾಟ್. ಮೂರೂ ಸಂದರ್ಭಗಳಲ್ಲಿ ಯಂತ್ರದ ಮುಖದಲ್ಲಿ 50 ವಾಟ್ ಎಂದೇ ಇರುತ್ತದೆ.

ಕಾಗದದ ಮೇಲೆಯೇ ಹುಟ್ಟುವ ದೋಷ

ಮಾರಾಟಗಾರರ ಪಟ್ಟಿಯಲ್ಲಿ ಆಂಟೆನಾ ಗೇನ್ "5 ಡಿಬಿ" ಎಂದಷ್ಟೇ ಇದ್ದರೆ ಅದನ್ನು ನಂಬಬೇಡಿ. ಯಾವುದಕ್ಕೆ ಹೋಲಿಸಿ ಐದು? ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಕಾಲ್ಪನಿಕ ಬಿಂದುವಿಗೆ ಹೋಲಿಸಿದ್ದಾದರೆ ಅದು ಡಿಬಿಐ. ಡೈಪೋಲ್‌ಗೇ 2.15 ಡಿಬಿಐ ಇರುತ್ತದೆ. ಹಾಗಾಗಿ 5 ಡಿಬಿಐ ಎಂದರೆ 2.85 ಡಿಬಿಡಿ. ಮಾರುವವರಿಗೆ ದೊಡ್ಡ ಸಂಖ್ಯೆ ಇಷ್ಟ. ಅಕ್ಷರ ಬಿಟ್ಟು ಬರೆದಿದ್ದರೆ ಅದು ಡಿಬಿಐ ಎಂದೇ ಅನುಮಾನಿಸುವುದು ಕ್ಷೇಮ.

ಐದನ್ನು ಹಾಗೆಯೇ ಸೂತ್ರಕ್ಕೆ ಹಾಕಿದವರಿಗೆ ನಮ್ಮ ಮಾದರಿ ಕೇಂದ್ರದಲ್ಲಿ 120 ವಾಟ್ ಬರುತ್ತದೆ. ನಿಜವಾದದ್ದು 73. ಈ ತಪ್ಪು ಲೆಕ್ಕ ಎರಡು ರೀತಿಯಲ್ಲಿ ಕಾಡುತ್ತದೆ. ಮಿತಿ ಮೀರಿತೆಂದು ಹೆದರಿ ಯಂತ್ರದ ಶಕ್ತಿಯನ್ನು ಇಳಿಸಿದ ಕೇಂದ್ರಗಳಿವೆ. ಇರಬೇಕಾದಷ್ಟು ವ್ಯಾಪ್ತಿ ಎಂದೂ ಇರದ ಕೇಂದ್ರದಲ್ಲಿ "ಕುಸಿತ"ವನ್ನು ಹುಡುಕಿ ಟವರ್ ಹತ್ತಿದವರೂ ಇದ್ದಾರೆ.

ವೃತ್ತಾಕಾರ ಧ್ರುವೀಕರಣದ (ಧ್ರುವೀಕರಣ ಎಂದರೆ ಅಲೆಯ ಕಂಪನದ ದಿಕ್ಕು) ಆಂಟೆನಾದಲ್ಲಿ ಇನ್ನೊಂದು ತೊಡಕು ಇದೆ. ಅದು ಶಕ್ತಿಯನ್ನು ಲಂಬ, ಅಡ್ಡ ಎಂದು ಎರಡಾಗಿ ಹಂಚುತ್ತದೆ. ಒಂದೇ ಬೇಯ (ಸಾಲಿನ ಒಂದು ಘಟಕಕ್ಕೆ ಬೇ ಎನ್ನುತ್ತಾರೆ) ಅಂಥ ಆಂಟೆನಾದ ಗೇನ್ ಪ್ರತಿ ಧ್ರುವೀಕರಣಕ್ಕೆ ಸುಮಾರು 0.46 ಪಟ್ಟು, ಅಂದರೆ −3.4 ಡಿಬಿ, ಪೂರ್ಣ ತರಂಗಾಂತರದಲ್ಲಿ ನಿಲ್ಲಿಸಿದ ಎರಡು ಬೇಗೆ ಹೆಚ್ಚುಕಡಿಮೆ 1 ಪಟ್ಟು. ಹಳೆಯ ಎರಡು ಲಂಬ ಡೈಪೋಲ್‌ಗಳನ್ನು ತೆಗೆದು "ಆಧುನಿಕ" ಎರಡು ಬೇ ವೃತ್ತಾಕಾರ ಆಂಟೆನಾ ಹಾಕಿದ ಮೇಲೆ ಕಾರುಗಳಲ್ಲಿ ಸದ್ದು ಕುಗ್ಗಿತು ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಲಂಬದಲ್ಲಿ 3 ಡಿಬಿ ಹೋಗಿದೆ. ಅದು ದೋಷವಲ್ಲ, ಆಯ್ಕೆಯ ಫಲ.

ದೂರನ್ನು ಡೆಸಿಬೆಲ್‌ಗೆ ತರುವುದು

ಕಾಗದದಲ್ಲಿ ತಪ್ಪಿಲ್ಲ ಎಂದಾದರೆ ಮುಂದಿನ ಪ್ರಶ್ನೆ: ಎಷ್ಟು ಡೆಸಿಬೆಲ್ ಕಳೆದಿದೆ? ಇದನ್ನು ಕೇಳುಗರ ಬಾಯಿಂದಲೇ ಅಂದಾಜಿಸಬಹುದು.

ಬಯಲಿನಲ್ಲಿ, ಈ ಎತ್ತರದ ಟವರ್‌ನಿಂದ ಕೆಲವು ಕಿಲೋಮೀಟರ್ ಆಚೆಗೆ, ನೇರ ಅಲೆಯೂ ನೆಲದಿಂದ ಪುಟಿದು ಬಂದ ಅಲೆಯೂ ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ. ಪರಿಣಾಮವಾಗಿ ದೂರ ಎರಡು ಪಟ್ಟಾದರೆ ಕ್ಷೇತ್ರಬಲ 6 ಅಲ್ಲ, ಸುಮಾರು 12 ಡಿಬಿ ಕುಸಿಯುತ್ತದೆ. ಹಿಂದೆ 12 ಕಿಲೋಮೀಟರ್‌ವರೆಗೆ ಕೇಳಿಸುತ್ತಿದ್ದದ್ದು ಈಗ ನಾಲ್ಕಕ್ಕೇ ನಿಂತಿದೆ ಎಂದರೆ ಕಳೆದಿರುವುದು 19 ಡಿಬಿ ಆಸುಪಾಸು. ಹನ್ನೆರಡು ಹತ್ತಾಗಿದೆ ಎಂದರೆ 3 ಡಿಬಿ. ಗುಡ್ಡಗಾಡಿನಲ್ಲಿ ಈ ಲೆಕ್ಕ ಒರಟಾಗುತ್ತದೆ, ಆದರೂ ಯಾವ ಜಾತಿಯ ದೋಷ ಎಂದು ಹೇಳುವಷ್ಟು ಉಪಯೋಗಕ್ಕೆ ಬರುತ್ತದೆ.

19 ಡಿಬಿ ಕಳೆದ ಕೇಂದ್ರದಲ್ಲಿ ಕನೆಕ್ಟರ್ ಬಿಗಿ ಮಾಡುತ್ತ ಕೂರುವುದು ವ್ಯರ್ಥ. ಒಂದು ಸಡಿಲ ಕನೆಕ್ಟರ್, ಸ್ವಲ್ಪ ಹಳೆಯ ಕೇಬಲ್ ಸೇರಿ 19 ಡಿಬಿ ತಿನ್ನುವುದಿಲ್ಲ. ಅಲ್ಲಿ ಆಂಟೆನಾವೇ ಬೇರ್ಪಟ್ಟಿದೆ, ಕೇಬಲ್‌ನಲ್ಲಿ ನೀರು ತುಂಬಿದೆ, ಅಥವಾ ಎರಡು ಡೈಪೋಲ್‌ಗಳು ಪರಸ್ಪರ ವಿರುದ್ಧ ಕೆಲಸ ಮಾಡುತ್ತಿವೆ. 3 ಡಿಬಿ ಕಳೆದಲ್ಲಿ ಒಂದು ಡೈಪೋಲ್ ಸತ್ತಿರಬಹುದು, ಯಂತ್ರ ತಾನಾಗಿ ಶಕ್ತಿ ಇಳಿಸಿಕೊಂಡಿರಬಹುದು, ಕೇಬಲ್ ಮುದಿಯಾಗಿರಬಹುದು.

ದೂರು ಬಂದ ದಿಕ್ಕುಗಳನ್ನು ನಕ್ಷೆಯಲ್ಲಿ ಗುರುತಿಸಿ. ಎಲ್ಲ ಸುತ್ತಲೂ ಕುಗ್ಗಿದ್ದರೆ ಮುಂದೆ ಓದಿ. ಒಂದೇ ದಿಕ್ಕಿನಲ್ಲಿ ಕುಗ್ಗಿದ್ದರೆ ಆ ಪಕ್ಕಕ್ಕೆ ಹೊಸದಾಗಿ ಏನು ಬಂದಿದೆ ನೋಡಿ: ಟವರ್‌ಗೆ ಕಟ್ಟಿದ ಇನ್ನೊಂದು ಕಂಬ, ಮೊಬೈಲ್ ಕಂಪನಿಯ ಚೌಕಟ್ಟು, ಪಕ್ಕದ ಕಟ್ಟಡದ ತಗಡಿನ ಚಾವಣಿ. 90.4 ಮೆಗಾಹರ್ಟ್ಸ್‌ನ ತರಂಗಾಂತರ 3.3 ಮೀಟರ್, ಡೈಪೋಲ್‌ನಿಂದ ಒಂದೆರಡು ಮೀಟರ್‌ಗಳೊಳಗೆ ನಿಂತ ಯಾವ ಉದ್ದ ಲೋಹವೂ ಆಂಟೆನಾದ ಭಾಗವೇ ಆಗಿಬಿಡುತ್ತದೆ. ಇಆರ್‌ಪಿ ಎಂಬುದು ದಿಕ್ಕಿಗೊಂದು ಇರುವ ಸಂಖ್ಯೆ ಎನ್ನುವುದನ್ನು ಮರೆಯುವವರೇ ಹೆಚ್ಚು.

ಕೆಲವು ದೂರುಗಳಿಗೆ ಇಆರ್‌ಪಿ ಕಾರಣವೇ ಅಲ್ಲ. ಸದ್ದು ಸಣ್ಣದಾಗಿದೆ ಆದರೆ ಗೊರಗೊರ ಇಲ್ಲ ಎಂದರೆ ಅದು ಮಾಡ್ಯುಲೇಷನ್ (ಧ್ವನಿಯನ್ನು ಅಲೆಯ ಮೇಲೆ ಹೇರುವ ಪ್ರಮಾಣ) ತಗ್ಗಿರುವ ಲಕ್ಷಣ, ಮಿಕ್ಸರ್ ನೋಡಿ. ಎಫ್‌ಎಂನಲ್ಲಿ ಮಾತಿನ ಏರಿಳಿತದಿಂದ ವಾಹಕ ಅಲೆಯ ಶಕ್ತಿ ಬದಲಾಗುವುದಿಲ್ಲ. ಒಂದು ಮನೆಯಲ್ಲಿ ಮಾತ್ರ ಕೆಟ್ಟಿದ್ದರೆ ಅಲ್ಲಿನ ಎಲ್‌ಇಡಿ ದೀಪ, ಇನ್ವರ್ಟರ್‌ಗಳನ್ನು ಆರಿಸಿ ಕೇಳಲು ಹೇಳಿ. ಕರಾವಳಿಯಲ್ಲಿ ಬೇಸಗೆಯ ಕೆಲವು ಸಂಜೆ ರಾತ್ರಿಗಳಲ್ಲಿ ಸಮುದ್ರದ ಮೇಲಿನ ಗಾಳಿಯ ಪದರಗಳು ದೂರದ ಕೇಂದ್ರಗಳನ್ನು ಹೊತ್ತು ತರುತ್ತವೆ. ನಿಮ್ಮ ತರಂಗಾಂತರದಲ್ಲೇ ಬೇರೆ ಭಾಷೆ ಕೇಳಿಸಿದರೆ ಟವರ್ ಹತ್ತಬೇಡಿ.

ಸರಪಳಿಯನ್ನು ತುಂಡರಿಸುವುದು

ಮೊದಲ ತುಂಡು ಯಂತ್ರದ ಹಿಂಬದಿಯಲ್ಲಿ. ಯಂತ್ರವನ್ನು ಆರಿಸಿ, ಆಂಟೆನಾ ಕೇಬಲ್ ಬಿಡಿಸಿ, ನಡುವೆ ವಾಟ್‌ಮೀಟರ್ ಇಟ್ಟು ಡಮ್ಮಿ ಲೋಡ್‌ಗೆ (ಆಂಟೆನಾದ ಬದಲು ಶಕ್ತಿಯನ್ನು ನುಂಗಿ ಶಾಖವಾಗಿಸುವ ಪ್ರತಿರೋಧಕಕ್ಕೆ) ಜೋಡಿಸಿ. ಲೋಡ್ 100 ವಾಟ್ ತಡೆಯುವಂಥದ್ದಾಗಿರಲಿ. ಇಲ್ಲಿ 50 ವಾಟ್ ಬಂದರೆ ಯಂತ್ರ ನಿರಪರಾಧಿ. 42 ಬಂದರೂ ಗಾಬರಿ ಬೇಡ. ಅದು ಮುಕ್ಕಾಲು ಡಿಬಿ ಮಾತ್ರ, ಯಾವ ಕೇಳುಗನಿಗೂ ಗೊತ್ತಾಗದಷ್ಟು.

ಈ ಮೀಟರ್‌ನ ಮಿತಿಯನ್ನೂ ತಿಳಿದಿರಬೇಕು. ಬರ್ಡ್ 43 ಮಾದರಿಯ ಮೀಟರ್‌ನಲ್ಲಿ ನಿಖರತೆ ಪೂರ್ಣ ಮಾಪಕದ ಶೇ. 5. 100 ವಾಟ್ ಎಲಿಮೆಂಟ್ (ಮೀಟರ್‌ಗೆ ಸಿಕ್ಕಿಸಿ, ಅಳೆಯುವ ದಿಕ್ಕಿಗೆ ತಿರುಗಿಸುವ ಬಿಲ್ಲೆ) ಹಾಕಿದ್ದರೆ 50 ಎಂದು ತೋರಿಸಿದ್ದು 45ರಿಂದ 55ರವರೆಗೆ ಏನೂ ಆಗಿರಬಹುದು. ಅದೇ ಎಲಿಮೆಂಟ್ ತಿರುಗಿಸಿ ಹಿಂತಿರುಗುವ ಶಕ್ತಿ 2 ವಾಟ್ ಎಂದು ಓದಿದರೆ ಆ ಓದಿಗೆ ಅರ್ಥವೇ ಇಲ್ಲ. ಹಿಂತಿರುಗುವ ಶಕ್ತಿಗೆ 10 ವಾಟ್ ಎಲಿಮೆಂಟ್ ಬಳಸಿ, ಆದರೆ ಅದನ್ನು ಮುಂದಿನ ದಿಕ್ಕಿಗೆ ತಿರುಗಿಸಿದಿರೋ, ಮೀಟರ್ ಹೋಯಿತು. ಎಫ್‌ಎಂ ಬ್ಯಾಂಡ್‌ಗೆ 50ರಿಂದ 125 ಮೆಗಾಹರ್ಟ್ಸ್‌ನ ಬಿ ಸರಣಿಯ ಎಲಿಮೆಂಟ್ ಬೇಕು. ವಾಕಿಟಾಕಿ ದುರಸ್ತಿಯವರಿಂದ ಎರವಲು ತಂದದ್ದು ಬಹಳ ಸಲ ಬೇರೆ ಬ್ಯಾಂಡಿನದಾಗಿರುತ್ತದೆ.

ಡಮ್ಮಿ ಲೋಡ್‌ಗೆ 50 ವಾಟ್, ಆಂಟೆನಾ ಜೋಡಿಸಿದರೆ 30 ವಾಟ್ ಎಂದರೆ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಹಿಂತಿರುಗುವ ಶಕ್ತಿ ಹೆಚ್ಚಾದಾಗ ಅದು ಶಕ್ತಿ ಇಳಿಸುತ್ತದೆ. ಯಂತ್ರಕ್ಕೆ ದಂಡ ಕಟ್ಟದೆ ಮೇಲಕ್ಕೆ ನಡೆಯಿರಿ. ಸಂಜೆ ಏಳರ ಹೊತ್ತಿಗೆ ಮಾತ್ರ ಶಕ್ತಿ ಬೀಳುತ್ತಿದ್ದರೆ ಮೊದಲು ವಿದ್ಯುತ್ ವೋಲ್ಟೇಜ್ ಅಳೆಯಿರಿ, ಫ್ಯಾನಿನ ಮೇಲಿನ ಧೂಳು ಒರೆಸಿ.

ಎರಡನೆಯ ತುಂಡು ಸಿಡಿಲು ರಕ್ಷಕ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮರುದಿನ ಶುರುವಾದ ದೂರಿಗೆ ಇದೇ ಮೊದಲ ಆರೋಪಿ. ಒಳಗಿನ ಅನಿಲ ನಳಿಕೆ ಸುಟ್ಟು ಅರೆಬರೆ ಶಾರ್ಟ್ ಆಗಿರಬಹುದು. ಆಕಾಶ ತಿಳಿಯಾಗಿರುವಾಗ ಅದನ್ನು ತಪ್ಪಿಸಿ ನೇರ ಜೋಡಿಸಿ, ವ್ಯತ್ಯಾಸ ನೋಡಿ, ಹೊಸದನ್ನು ಹಾಕಿ.

ಮೂರನೆಯದು ಕೇಬಲ್. ಇಲ್ಲಿ ಸ್ವಲ್ಪ ನಿಲ್ಲಬೇಕು.

ಒಳ್ಳೆಯ ಎಸ್‌ಡಬ್ಲ್ಯುಆರ್ ಕೆಟ್ಟ ಸುದ್ದಿಯಾಗುವುದು ಹೇಗೆ

ಕೇಬಲ್ ಎಂಬುದು ಹೋಗುವಾಗಲೂ ಸುಂಕ, ಬರುವಾಗಲೂ ಸುಂಕ ವಸೂಲಿ ಮಾಡುವ ಗಡಿಕಟ್ಟೆ. ಆಂಟೆನಾದಿಂದ ಹಿಂತಿರುಗಿದ ಶಕ್ತಿ ಯಂತ್ರದ ಬಳಿಯ ಮೀಟರ್ ತಲುಪುವಷ್ಟರಲ್ಲಿ ಎರಡು ಸಲ ಸೋರಿರುತ್ತದೆ. ಹಾಗಾಗಿ ಕೇಬಲ್ ಎಷ್ಟು ಕೆಟ್ಟದ್ದೋ, ಕೆಳಗೆ ಕಾಣುವ ಎಸ್‌ಡಬ್ಲ್ಯುಆರ್ ಅಷ್ಟು ಚೆನ್ನ.

ಕೊನೆಯ ಮಿತಿಯನ್ನೇ ಲೆಕ್ಕ ಹಾಕಿ ನೋಡೋಣ. ಆಂಟೆನಾ ಸಂಪೂರ್ಣ ಬಿಚ್ಚಿಹೋಗಿದೆ, ಮೇಲೆ ತಲುಪಿದ್ದೆಲ್ಲ ಹಿಂತಿರುಗುತ್ತಿದೆ ಎಂದುಕೊಳ್ಳಿ. ಅರ್ಧ ಇಂಚಿನ ಒಳ್ಳೆಯ ಕೇಬಲ್‌ನಲ್ಲಿ 50 ವಾಟ್ ಹೋಗಿ 33 ವಾಟ್ ಕೆಳಗೆ ಬರುತ್ತದೆ. ಎಸ್‌ಡಬ್ಲ್ಯುಆರ್ ಸುಮಾರು 10. ಯಂತ್ರ ಕೂಡಲೇ ಕೂಗುತ್ತದೆ. 6.4 ಡಿಬಿ ನಷ್ಟದ ಆರ್‌ಜಿ 58 ಆದರೆ ಮೇಲೆ ತಲುಪುವುದು 11.5 ವಾಟ್, ಕೆಳಗೆ ವಾಪಸಾಗುವುದು 2.6 ವಾಟ್. ಎಸ್‌ಡಬ್ಲ್ಯುಆರ್ 1.6! ಟವರ್ ಮೇಲೆ ಆಂಟೆನಾವೇ ಇಲ್ಲ, ಯಂತ್ರದ ಹಸಿರು ದೀಪ ಆರಾಮವಾಗಿ ಉರಿಯುತ್ತಿದೆ.

ಆದ್ದರಿಂದ ಕೆಳಗೆ ಓದಿದ್ದನ್ನು ಮೇಲಿನ ಸ್ಥಿತಿಗೆ ಪರಿವರ್ತಿಸಿಕೊಳ್ಳಬೇಕು. ಮುಂದೆ ಹೋದದ್ದಕ್ಕೂ ಹಿಂದೆ ಬಂದದ್ದಕ್ಕೂ ಇರುವ ಅನುಪಾತವನ್ನು ಡಿಬಿಯಲ್ಲಿ ಬರೆಯಿರಿ. ಅದರಿಂದ ಕೇಬಲ್ ನಷ್ಟದ ಎರಡರಷ್ಟನ್ನು ಕಳೆಯಿರಿ. 50 ವಾಟ್ ಹೋಗಿ 2 ವಾಟ್ ಬಂದರೆ 14 ಡಿಬಿ, ಎಸ್‌ಡಬ್ಲ್ಯುಆರ್ 1.5. ಕೇಬಲ್ 2.8 ಡಿಬಿಯ ಆರ್‌ಜಿ 213 ಆಗಿದ್ದರೆ ಆಂಟೆನಾದಲ್ಲಿ ಉಳಿಯುವುದು 14 − 5.6 = 8.4 ಡಿಬಿ. ಅಂದರೆ ಮೇಲಿನ ಎಸ್‌ಡಬ್ಲ್ಯುಆರ್ 2.2, ತಲುಪಿದ ಶಕ್ತಿಯಲ್ಲಿ ಶೇ. 14ಕ್ಕಿಂತ ಹೆಚ್ಚು ವಾಪಸಾಗುತ್ತಿದೆ.

ಇದರಿಂದ ಸಿಗುವ ಒಂದು ಉಪಯುಕ್ತ ಸುಳಿವು: ಅಳವಡಿಸಿದ ದಿನ 1.4 ಇದ್ದದ್ದು ಯಾರೂ ಏನೂ ಮಾಡದೆ ಈಗ 1.1 ಆಗಿದೆ ಎಂದರೆ ಸಂತೋಷಪಡಬೇಡಿ. ಆಂಟೆನಾ ತಾನಾಗಿ ಸುಧಾರಿಸುವುದಿಲ್ಲ. ಕೇಬಲ್ ನೀರು ಕುಡಿದಿರುವ ಸಾಧ್ಯತೆಯೇ ಹೆಚ್ಚು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಮೇಲಿನ ಕನೆಕ್ಟರ್‌ನ ಟೇಪು ಸ್ವಲ್ಪ ಬಾಯಿ ಬಿಟ್ಟರೂ ಸಾಕು. ಹೆಣೆದ ತಾಮ್ರದ ಹೊದಿಕೆ ನೀರನ್ನು ಬತ್ತಿಯಂತೆ ಕೆಳಕ್ಕೆ ಹೀರುತ್ತದೆ. ಕೇಬಲ್‌ನ ತುದಿಯಲ್ಲಿ ಹೊರ ಹೊದಿಕೆಯನ್ನು ಸ್ವಲ್ಪ ಸುಲಿದು ನೋಡಿ: ತಾಮ್ರ ಕಪ್ಪಾಗಿದ್ದರೆ ಅಥವಾ ಹಸಿರುಗಟ್ಟಿದ್ದರೆ ಆ ಕೇಬಲ್ ಅನ್ನು ಒಣಗಿಸಿ ಬಳಸುವ ಯೋಚನೆ ಬಿಡಿ.

ಕೇಬಲ್ ನಷ್ಟವನ್ನು ಅಳೆಯಲು ಎರಡು ದಾರಿಗಳಿವೆ. ಮೇಲೆ ಆಂಟೆನಾ ಬಿಡಿಸಿ ಅಲ್ಲಿ ಡಮ್ಮಿ ಲೋಡ್ ಕಟ್ಟಿ, ಕೆಳಗೊಮ್ಮೆ ಮೇಲೊಮ್ಮೆ ಅದೇ ವಾಟ್‌ಮೀಟರ್‌ನಿಂದ ಓದುವುದು ಒಂದು. ಎರಡು ಓದುಗಳ ಅನುಪಾತವೇ ನಷ್ಟ. ಒಂದೇ ಮೀಟರ್ ಆದ್ದರಿಂದ ಅದರ ದೋಷವೂ ಬಹುಪಾಲು ರದ್ದಾಗುತ್ತದೆ. ಕಡಿಮೆ ಶ್ರಮದ ದಾರಿ ನ್ಯಾನೊ ವಿಎನ್‌ಎ ಎಂಬ ಅಂಗೈಯಗಲದ ಉಪಕರಣ. ಮೇಲಿನ ತುದಿಯನ್ನು ಬಿಚ್ಚಿಟ್ಟು ಕೆಳಗಿನಿಂದ ರಿಟರ್ನ್ ಲಾಸ್ (ಹೋದದ್ದಕ್ಕೂ ಹಿಂತಿರುಗಿದ್ದಕ್ಕೂ ಇರುವ ಅನುಪಾತ, ಡಿಬಿಯಲ್ಲಿ) ಓದಿ. ಅದರ ಅರ್ಧವೇ ಒಂದು ಕಡೆಯ ನಷ್ಟ. ನಮ್ಮ ಮಾದರಿ ಕೇಂದ್ರದಲ್ಲಿ 1.8 ಡಿಬಿ ಕಾಣಬೇಕು. 7 ಕಂಡರೆ ಕೇಬಲ್ 3.5 ತಿನ್ನುತ್ತಿದೆ: 76 ವಾಟ್ ಇರಬೇಕಾದ ಇಆರ್‌ಪಿ 42ಕ್ಕೆ ಬಂದಿದೆ. ಉಪಕರಣ ಜೋಡಿಸುವ ಮೊದಲು ಟ್ರಾನ್ಸ್‌ಮಿಟರ್‌ನ ಪ್ಲಗ್ಗನ್ನೇ ಕಿತ್ತಿಡಿ; ಕೆಲವು ವಾಟ್ ಒಳಹೊಕ್ಕರೂ ಅದು ಸುಟ್ಟುಹೋಗುತ್ತದೆ.

ಮಲ್ಟಿಮೀಟರ್‌ನಿಂದ ಆಂಟೆನಾ ಪರೀಕ್ಷಿಸಿ "ಶಾರ್ಟ್ ಆಗಿದೆ" ಎಂದು ಹೊಸ ಆಂಟೆನಾಕ್ಕೆ ಬೇಡಿಕೆ ಇಡುವವರಿಗೆ ಒಂದು ಮಾತು: ಗಾಮಾ ಮ್ಯಾಚ್ (ಕೇಬಲನ್ನು ಡೈಪೋಲ್‌ಗೆ ಹೊಂದಿಸುವ ಪಕ್ಕದ ಕಡ್ಡಿ) ಇರುವ ಬಹಳಷ್ಟು ಡೈಪೋಲ್‌ಗಳು, ಮಡಿಸಿದ ಡೈಪೋಲ್‌ಗಳು ನೇರ ವಿದ್ಯುತ್ತಿಗೆ ಶಾರ್ಟ್ ಆಗಿಯೇ ಇರುತ್ತವೆ. ವಿನ್ಯಾಸವೇ ಹಾಗೆ. ಕೈಪಿಡಿ ನೋಡದೆ ತೀರ್ಪು ಕೊಡಬೇಡಿ.

ಎಲ್ಲ ಸರಿಯಿದೆ, ಆದರೂ ಇಲ್ಲ

ಅತ್ಯಂತ ಕಾಡುವ ದೋಷ ಇದು. ಡಮ್ಮಿ ಲೋಡ್‌ಗೆ 50 ವಾಟ್, ಕೇಬಲ್ ಅಳತೆಯಲ್ಲಿ 0.9, ಮೇಲಿನ ಎಸ್‌ಡಬ್ಲ್ಯುಆರ್ 1.2. ಸೂತ್ರದಲ್ಲಿ ಹಾಕಿದರೆ 76 ವಾಟ್. ಹೊರಗೆ ಹೋದರೆ ಹತ್ತಿರದ ಪೇಟೆಯಲ್ಲಿ ಭರ್ಜರಿ, ಐದಾರು ಕಿಲೋಮೀಟರ್ ಆಚೆ ಏನೂ ಇಲ್ಲ.

ಒಂದು ಗುಡ್ಡಗಾಡು ತಾಲ್ಲೂಕಿನ ಕೇಂದ್ರದಲ್ಲಿ ಟವರ್‌ಗೆ ಬಣ್ಣ ಬಳಿದ ಮೇಲೆ ಹೀಗಾಗಿತ್ತು. ಬಣ್ಣದವರಿಗೆ ಅಡ್ಡಿಯಾಗುತ್ತದೆಂದು ಡೈಪೋಲ್‌ಗಳನ್ನು ಇಳಿಸಿ, ಆಮೇಲೆ ಅದೇ ಬೋಲ್ಟುಗಳಿಂದ ಕಟ್ಟಿದ್ದರು. ನೆಲದಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತಿದ್ದವು. ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದಾಗ ತಿಳಿಯಿತು: ಮೇಲಿನ ಡೈಪೋಲ್‌ನ ಗಾಮಾ ಕಡ್ಡಿ ಮೇಲ್ಮುಖವಾಗಿತ್ತು, ಕೆಳಗಿನದರದ್ದು ಕೆಳಮುಖ. ಒಂದು ಡೈಪೋಲ್ ತಲೆಕೆಳಗಾಗಿತ್ತು.

ಹಾಗಾದಾಗ ಎರಡೂ 180 ಡಿಗ್ರಿ ವಿರುದ್ಧ ಹಂತದಲ್ಲಿ ಸೂಸುತ್ತವೆ. ದಿಗಂತದ ಕಡೆಗೆ ಎರಡರ ಅಲೆಗಳೂ ಒಂದನ್ನೊಂದು ಅಳಿಸುತ್ತವೆ. ಶಕ್ತಿ ಎಲ್ಲಿಯೂ ಮಾಯವಾಗುವುದಿಲ್ಲ. ಒಂದು ತರಂಗಾಂತರದ ಅಂತರದಲ್ಲಿ ನಿಂತ ಡೈಪೋಲ್‌ಗಳಾದರೆ ದಿಗಂತಕ್ಕಿಂತ 30 ಡಿಗ್ರಿ ಮೇಲಕ್ಕೂ 30 ಡಿಗ್ರಿ ಕೆಳಕ್ಕೂ ಹೋಗುತ್ತದೆ. ಮೇಲಿನ ಪಾಲು ಮೋಡಕ್ಕೆ. ಕೆಳಗಿನ ಪಾಲು 30 ಮೀಟರ್ ಟವರ್‌ನ ಬುಡದಿಂದ ಸುಮಾರು 50 ಮೀಟರ್ ದೂರದ ನೆಲಕ್ಕೆ, ಅಂದರೆ ಕೇಂದ್ರದ ಅಂಗಳಕ್ಕೆ. ಅಲ್ಲಿ ನಿಂತು ಕೇಳಿದವರೆಲ್ಲ "ಚೆನ್ನಾಗಿ ಬರುತ್ತಿದೆ" ಎಂದೇ ಹೇಳುತ್ತಾರೆ. ಪ್ರತಿ ಡೈಪೋಲ್ ತನ್ನ ಪಾಲಿನ ಶಕ್ತಿಯನ್ನು ಸರಿಯಾಗಿಯೇ ಸ್ವೀಕರಿಸುತ್ತಿರುವುದರಿಂದ ಎಸ್‌ಡಬ್ಲ್ಯುಆರ್‌ನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರುವುದಿಲ್ಲ. ಸೂತ್ರದಲ್ಲಿ ನಾವು ಹಾಕಿದ "+3" ಈಗ −15, −20 ಏನಾದರೂ ಆಗಿದೆ. ಹಿಂದೆ ಹೇಳಿದ 19 ಡಿಬಿ ಕುಸಿತಕ್ಕೆ ಇದು ಹೊಂದುವ ಕಾರಣ.

ಇದರ ತಮ್ಮನಂಥ ದೋಷವೂ ಉಂಟು. ಶಕ್ತಿಯನ್ನು ಹಂಚುವ ವಿಭಾಜಕದಿಂದ ಎರಡು ಡೈಪೋಲ್‌ಗಳಿಗೆ ಹೋಗುವ ತುಂಡು ಕೇಬಲ್‌ಗಳ ಉದ್ದ ಸಮನಾಗಿರಬೇಕು. ಒಂದು ಕೆಟ್ಟಿತೆಂದು ಕೈಗೆ ಸಿಕ್ಕ ಉದ್ದದ ಬೇರೆ ಕೇಬಲ್ ಹಾಕಿದರೆ ಹಂತ ಕೆಡುತ್ತದೆ. ಫೋಮ್ ಕೇಬಲ್ ಬದಲು ಗಟ್ಟಿ ಪಾಲಿಥೀನಿನ ಕೇಬಲ್ ಹಾಕಿದರಂತೂ ಅಳತೆಪಟ್ಟಿಯಲ್ಲಿ ಸಮವಿದ್ದರೂ ವಿದ್ಯುತ್ ಉದ್ದ ಸಮನಲ್ಲ. ಬದಲಿಸುವುದಾದರೆ ಎರಡನ್ನೂ ಒಂದೇ ಸುರುಳಿಯಿಂದ ಕತ್ತರಿಸಿ ಬದಲಿಸಿ.

ಒಂದು ಡೈಪೋಲ್‌ನ ಸಂಪರ್ಕವೇ ಕಡಿದಿದ್ದರೆ ಚಿತ್ರ ಬೇರೆ. ಎಸ್‌ಡಬ್ಲ್ಯುಆರ್ ಎದ್ದು ಕಾಣುವಷ್ಟು, ಬಹಳ ಸಲ ಎರಡರ ಆಸುಪಾಸಿಗೆ, ಏರುತ್ತದೆ. ಗೇನ್ 3 ಡಿಬಿ ಹೋಗಿ, ಹೊಂದಾಣಿಕೆ ತಪ್ಪಿ ಇನ್ನರ್ಧ ಡಿಬಿ ಹೋಗಿ, ಅದರ ಮೇಲೆ ಯಂತ್ರವೂ ಶಕ್ತಿ ಇಳಿಸಿಕೊಂಡಿರುತ್ತದೆ.

ಹೊರಗೆ ಹೋಗಿ ಅಳೆಯುವುದು

ಮೇಲಿನ ಬಗೆಯ ದೋಷ ಕೋಣೆಯೊಳಗಿನ ಯಾವ ಮೀಟರ್‌ಗೂ ಸಿಗುವುದಿಲ್ಲ. ಇಆರ್‌ಪಿ ಸರಿಯಿದ್ದರೆ ಹೊರಗೆ ಎಷ್ಟಿರಬೇಕು ಎಂಬುದಕ್ಕೆ ಲೆಕ್ಕವಿದೆ. ಅಡೆತಡೆಯಿಲ್ಲದ ಬಯಲಲ್ಲಿ 76 ವಾಟ್ ಇಆರ್‌ಪಿ ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 96 ಡಿಬಿ ಮೈಕ್ರೋವೋಲ್ಟ್ ಪ್ರತಿ ಮೀಟರ್ ಉಂಟುಮಾಡುತ್ತದೆ. ನೆಲದ ಪರಿಣಾಮವನ್ನು ಸೇರಿಸಿ, ಅಳೆಯುವ ಆಂಟೆನಾವನ್ನು 10 ಮೀಟರ್ ಎತ್ತರದಲ್ಲಿಟ್ಟರೆ, ಐದು ಕಿಲೋಮೀಟರ್‌ನಲ್ಲಿ 69, ಹತ್ತರಲ್ಲಿ 57 ಬರಬೇಕು. ಗ್ರಾಮೀಣ ಪ್ರದೇಶದಲ್ಲಿ ಸ್ಟೀರಿಯೊಗೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೂಚಿಸುವುದು 54, ನಗರದಲ್ಲಿ 66. ಮಾರ್ಗಸೂಚಿಯ "ಐದರಿಂದ ಹತ್ತು ಕಿಲೋಮೀಟರ್" ಸುಮ್ಮನೆ ಬಂದದ್ದಲ್ಲ ಎಂದು ಇದರಿಂದ ತಿಳಿಯುತ್ತದೆ.

ಕ್ಷೇತ್ರಬಲ ಮಾಪಕ ಸಣ್ಣ ಕೇಂದ್ರಗಳಲ್ಲಿ ಇರುವುದಿಲ್ಲ. ಹೋಲಿಕೆಯ ಅಳತೆ ಸಾಕು. ಯುಎಸ್‌ಬಿಗೆ ಚುಚ್ಚುವ ಅಗ್ಗದ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್ ಮೂಲಕ ಕೆಲಸ ಮಾಡುವ ರೇಡಿಯೊ ಗ್ರಾಹಕ), ಲ್ಯಾಪ್‌ಟಾಪ್, ಕಾರಿನ ಚಾವಣಿಗೆ ಅಂಟುವ ಒಂದು ಕಡ್ಡಿ ಆಂಟೆನಾ. ಡಾಂಗಲ್‌ನ ಸ್ವಯಂಚಾಲಿತ ಗೇನ್ ಆರಿಸಿ ಒಂದೇ ಮಟ್ಟಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ಎಲ್ಲ ಊರುಗಳಲ್ಲೂ ಒಂದೇ ಓದು ಬರುತ್ತದೆ. ನಾಲ್ಕು ದಿಕ್ಕಿಗೂ ತಲಾ ಒಂದೆರಡು ಬಯಲು ಜಾಗಗಳನ್ನು, ಬಸ್ ತಂಗುದಾಣ ಅಥವಾ ಶಾಲೆಯ ಮೈದಾನದಂಥ ಮತ್ತೆ ಗುರುತು ಸಿಗುವ ಜಾಗಗಳನ್ನು, ಆರಿಸಿಕೊಂಡು ಬರೆದಿಡಿ. ಅದೇ ಸುತ್ತಮುತ್ತಲಿನ ಆಕಾಶವಾಣಿಯ ಎಫ್‌ಎಂ ಕೇಂದ್ರವೊಂದನ್ನೂ ಅಲ್ಲಿಯೇ ಓದಿ. ಮುಂದಿನ ಸಲ ಎರಡೂ ಕುಗ್ಗಿದ್ದರೆ ನಿಮ್ಮ ಡಾಂಗಲ್ ಕೆಟ್ಟಿದೆ. ನಿಮ್ಮದು ಮಾತ್ರ ಕುಗ್ಗಿದ್ದರೆ ಟವರ್ ಕೆಟ್ಟಿದೆ.

ಎತ್ತರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆಂಟೆನಾವನ್ನು 30 ಮೀಟರ್‌ನಿಂದ 15ಕ್ಕೆ ಇಳಿಸಿದರೆ ಇಆರ್‌ಪಿ ಬದಲಾಗುವುದಿಲ್ಲ, ಕೇಬಲ್ ಗಿಡ್ಡವಾಗಿ ಕೂದಲೆಳೆಯಷ್ಟು ಹೆಚ್ಚಲೂಬಹುದು. ದೂರದ ಊರಿನಲ್ಲಿ ಮಾತ್ರ 6 ಡಿಬಿ ಹೋಗುತ್ತದೆ, ಇಆರ್‌ಪಿಯನ್ನು ಕಾಲು ಭಾಗಕ್ಕೆ ಇಳಿಸಿದಂತೆ. ಗಾಳಿಗೆ ಹೆದರಿ ಮೇಲಿನ ಪೈಪು ತೆಗೆದವರು ಇದನ್ನು ನೆನಪಿಡಬೇಕು.

ಮೇಲೆ ಹತ್ತುವ ಮುನ್ನ

ಯಂತ್ರವನ್ನು ಮ್ಯೂಟ್ ಮಾಡಿದರೆ ಸಾಲದು. ವಿದ್ಯುತ್ ಪ್ಲಗ್ ಕಿತ್ತು, ಅದನ್ನು ಹತ್ತುವವರ ಕೈಗೇ ಕೊಡಬಹುದಾದರೆ ಕೊಡಿ. ಕೋಣೆಗೆ ಬೀಗ ಹಾಕಿ. ಕಾರ್ಯಕ್ರಮದ ಹೊತ್ತಾಯಿತೆಂದು ಯಾರೋ ಒಬ್ಬರು ಬಂದು ಸ್ವಿಚ್ ಒತ್ತುವ ಸಂಭವ ಎಲ್ಲ ಕೇಂದ್ರಗಳಲ್ಲೂ ಇದೆ. 50 ವಾಟ್ ಹರಿಯುತ್ತಿರುವ ಡೈಪೋಲ್ ಮುಟ್ಟಿದರೆ ಚರ್ಮ ಸುಡುತ್ತದೆ. 30 ಮೀಟರ್ ಮೇಲೆ ಕೈ ಬೆಚ್ಚಿ ಹಿಂದೆಳೆಯುವುದು ಸುಟ್ಟ ಗಾಯಕ್ಕಿಂತ ಅಪಾಯ. ದೂರದಲ್ಲಿ ಗುಡುಗು ಕೇಳಿಸಿದರೂ ಆ ದಿನದ ಕೆಲಸ ಮುಗಿಯಿತು.

ಹತ್ತಿದವರು ಇಳಿಯುವ ಮೊದಲು ಮೂರು ಫೋಟೊ ತೆಗೆಯಲಿ: ಪ್ರತಿ ಡೈಪೋಲ್‌ನ ಜೋಡಣೆಯ ಬದಿ, ವಿಭಾಜಕ, ಮೇಲಿನ ಕನೆಕ್ಟರ್. ಕನೆಕ್ಟರ್‌ಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು, ಅದರ ಮೇಲೆ ಬಿಸಿಲು ತಡೆಯುವ ವಿನೈಲ್ ಟೇಪು, ಸುತ್ತುವಾಗ ಕೆಳಗಿನಿಂದ ಮೇಲಕ್ಕೆ. ಕೇಬಲ್ ಕೋಣೆಯೊಳಗೆ ಬರುವಲ್ಲಿ ಒಂದು ಬಾಗು ಕೆಳಕ್ಕೆ ಜೋತುಬಿದ್ದಿರಲಿ, ನೀರು ಅಲ್ಲಿ ತೊಟ್ಟಿಕ್ಕಲಿ.

ದುರಸ್ತಿ ಮಿತಿ ಮೀರಿಸಿದರೆ

ಕೆಲವೊಮ್ಮೆ ದೋಷ ಸರಿಪಡಿಸುವ ಉತ್ಸಾಹದಲ್ಲಿ ಇಆರ್‌ಪಿ 100 ದಾಟುತ್ತದೆ. ಎರಡು ಡೈಪೋಲ್‌ಗಳ ಜಾಗಕ್ಕೆ ನಾಲ್ಕರ ಸಾಲು ಬಂದು ಗೇನ್ 6 ಡಿಬಿಡಿ ಆಯಿತು ಎನ್ನೋಣ. 17 − 1.2 + 6 = 21.8, ಅದು 151 ವಾಟ್. ಆಗ ಯಂತ್ರವನ್ನು 33 ವಾಟ್‌ಗೆ ಇಳಿಸಿದರೆ 100ಕ್ಕೆ ನಿಲ್ಲುತ್ತದೆ. ಆದರೆ ಹಾಗೆ ಇಳಿಸಿ ಸುಮ್ಮನಾಗುವಂತಿಲ್ಲ: ಪರವಾನಗಿಯಲ್ಲಿ ಬರೆದಿರುವ ಆಂಟೆನಾ, ಎತ್ತರ, ಶಕ್ತಿ ಇವುಗಳಲ್ಲಿ ಯಾವುದನ್ನು ಬದಲಿಸುವುದಿದ್ದರೂ ಅದಕ್ಕೆ ಮೊದಲೇ ದೂರಸಂಪರ್ಕ ಇಲಾಖೆಯಲ್ಲಿ ತರಂಗಾಂತರ ಹಂಚಿಕೆ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗಕ್ಕೆ ಬರೆಯಬೇಕು. ಆ ಪತ್ರದ ಜೊತೆ ಇಡಲು ಮೇಲಿನ ಲೆಕ್ಕವೇ ಸಾಕು: ಯಂತ್ರದ ವಾಟ್, ಅಳೆದ ಕೇಬಲ್ ನಷ್ಟ, ಅಳೆದ ದಿನಾಂಕ, ಡಿಬಿಡಿಯಲ್ಲಿ ಗೇನ್, ಕೊನೆಗೆ ಬಂದ ವಾಟ್. ಅದೇ ಹಾಳೆಯ ಒಂದು ಪ್ರತಿಯನ್ನು ಯಂತ್ರದ ರ‍್ಯಾಕ್‌ನ ಒಳಬಾಗಿಲಿಗೆ ಅಂಟಿಸಿ, ಪಕ್ಕದಲ್ಲಿ ಕೆಳಗಿನ ಎಸ್‌ಡಬ್ಲ್ಯುಆರ್ ಓದನ್ನೂ ಬರೆಯಿರಿ.